ಗಡಿನಾಡಿನಲ್ಲಿ ಪ್ರಜಾರಕ್ಷಣೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ಹೆಸರುಗಳನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಎರೆಯ ಭೂಮಿ, ಜೋಳದ ಬೆಳೆ, ಬಸವಣ್ಣನವರ ಜನ್ಮಸ್ಥಳ. ಈ ಸೀಮೆಯು ಒಂದು ಕಾಲದಲ್ಲಿ ಎರಡು ಪ್ರಭುತ್ವಗಳ ಎಲ್ಲೆಯಾಗಿತ್ತೆಂಬುದು ಅಷ್ಟಾಗಿ ನೆನಪಿಗೆ ಬರುವುದಿಲ್ಲ. 1947-48ರಲ್ಲಿ ಆ ಎಲ್ಲೆಯಲ್ಲಿ ನಡೆದುದನ್ನು ನೋಡಿದರೆ, ಕಲಹವೆದ್ದ ಕಡೆ ಆಯುಧವಿಲ್ಲದ ಪ್ರಜೆಯನ್ನು ಕಾಪಾಡುವುದು ಏತಕ್ಕೆ ಅಷ್ಟು ಕಷ್ಟವೆಂಬುದು ತಿಳಿಯುತ್ತದೆ.

ಈ ತಾಲ್ಲೂಕುಗಳು ಆಗ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿದ್ದುವು. ಅವುಗಳ ಪೂರ್ವಕ್ಕೆ ನಿಜಾಮರ ಹೈದರಾಬಾದು ಸಂಸ್ಥಾನ. ಇಂಡಿ ಸಿಂದಗಿಗಳ ಕಡೆ ಭೀಮಾನದಿಯು ಬಹುದೂರ ಎಲ್ಲೆಯಾಗಿ ಹರಿಯುತ್ತಿತ್ತು, ಅದರಾಚೆ ಅಫಜಲಪುರ. ಅಲ್ಲಿಂದ ತೆಂಕಲಿಗೆ ಬಂದರೆ ನದಿಯ ಅಡ್ಡಿಯೂ ಇಲ್ಲ. ಸಿಂದಗಿ ಮುದ್ದೇಬಿಹಾಳಗಳ ಹೊಲಗಳಿಗೂ ಜೇವರ್ಗಿ ಸುರಪುರಗಳ ಹೊಲಗಳಿಗೂ ನಡುವೆ ಬದುವೇ ರಾಜ್ಯದ ಗಡಿ. ಬಾಗೇವಾಡಿ ಇವುಗಳಿಗಿಂತ ಒಳಗಿನದು. ಎರಡು ಕಡೆಯೂ ಅದೇ ಕನ್ನಡ, ಅದೇ ಬೀಗತನ. ಬದಲಾಗುತ್ತಿದ್ದುದು ಮೂರು: ನಾಣ್ಯ (ಆಚೆಯದು ಹಾಲಿ ಸಿಕ್ಕಾ), ಕರೋಡಗಿರಿಯೆಂಬ ಸುಂಕದ ಕಟ್ಟೆ, ಪೋಲೀಸರ ಅಧಿಕಾರ. ನಮಗೆ ಮುಖ್ಯವಾದುದು ಮೂರನೆಯದು. ಅಪರಾಧಿಯು ಹೊಳೆ ದಾಟಿದನೆಂದರೆ ಬಿಜಾಪುರದ ಪೋಲೀಸಿನವನ ಅಧಿಕಾರ ಈಚೆಯ ದಡದಲ್ಲಿಯೇ ಮುಗಿಯುತ್ತಿತ್ತು. ಉಭಯ ಸರ್ಕಾರಗಳೂ ಸ್ನೇಹದಿಂದಿದ್ದಾಗ ಪತ್ರವ್ಯವಹಾರದಿಂದ ಬಗೆಹರಿಯಬಹುದಾದ ತೊಡಕು ಅದು. ಸರ್ಕಾರಗಳೇ ಮುನಿದು ನಿಂತಾಗ ಪತ್ರಕ್ಕೆ ಬೆಲೆಯೆಲ್ಲಿ?

1947ರ ಆಗಸ್ಟ್ 15ರ ತರುವಾಯವೂ ನಿಜಾಮರು ಭಾರತವನ್ನು ಸೇರಲಿಲ್ಲ. ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ಹಳ್ಳಿಗಳಲ್ಲಿ ಸ್ಥಿತಿ ಮೊದಲಿನಂತೆ ಉಳಿಯಲಿಲ್ಲ. ಕಾಸಿಂ ರಜ್ವಿಯ ಮುಖಂಡತನದ ರಜಾಕಾರರು ಸಂಸ್ಥಾನದೊಳಗೆ ಸುಲಿಗೆ, ಕೊಲೆಗಳಿಗೆ ತೊಡಗಿದರು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ನಡೆದ ಹತ್ಯೆಯನ್ನು ಆ ಕಡೆಯವರು ಇಂದಿಗೂ ಮರೆತಿಲ್ಲ. ಮನೆಮಠ ಬಿಟ್ಟವರು ಗಡಿ ದಾಟಿ ಸುತ್ತಣ ಪ್ರಾಂತಗಳಿಗೆ ಬಂದರು. ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ನಾಯಕರಾದ ಸ್ವಾಮಿ ರಾಮಾನಂದ ತೀರ್ಥರು ಸಿಂದಗಿಯಲ್ಲಿಯೇ ಜನಿಸಿದವರು. ಅವರು ಆ ವರ್ಷದ ಬಹುಭಾಗವನ್ನು ನಿಜಾಮರ ಸೆರೆಯಲ್ಲಿ ಕಳೆದರು. ಗಡಿಯುದ್ದಕ್ಕೂ ಅವರ ಅನುಯಾಯಿಗಳ ಶಿಬಿರಗಳೆದ್ದುವು. ಶಿಬಿರವು ನಿರಾಶ್ರಿತರಿಗೆ ಆಸರೆಯೂ ಹೌದು, ಕರೋಡಗಿರಿಯ ಕಟ್ಟೆಗಳ ಮೇಲೆ ದಾಳಿಗೆ ಹೊರಡುವವರಿಗೆ ನೆಲೆಯೂ ಹೌದು. ಆ ದಾಳಿಗಳ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಆದರೆ ದಾಳಿ ಮಾಡಿದವನು ಈಚೆಗೆ ಬಂದುಬಿಡುತ್ತಿದ್ದನು. ಅದರ ಸೇಡಿಗೆ ಗುರಿಯಾಗುವವನು ಆಚೆಯೇ ಉಳಿದ ಒಕ್ಕಲಿಗ.

ಕಾವಲಿನ ಏರ್ಪಾಡಿನಲ್ಲಿಯೂ ಒಂದು ಇಕ್ಕಟ್ಟು ಉಂಟು. ಊರಿನವರೇ ಕಟ್ಟಿಕೊಂಡ ಪಹರೆಗೆ ದಾರಿ ಗೊತ್ತು, ಮುಖ ಗೊತ್ತು, ಕೂಗಿದೊಡನೆ ಜನ ಕೂಡುತ್ತದೆ. ಆದರೆ ಊರಿನ ಹಗೆಯೂ ಅದರೊಡನೆಯೇ ಕೂಡುತ್ತದೆ. ಹೊರಗಿನಿಂದ ಬಂದ ಪೋಲೀಸು ನಿಷ್ಪಕ್ಷಪಾತವಾಗಿರಬಲ್ಲದು. ಆದರೆ ಠಾಣೆಯಿಂದ ಹಳ್ಳಿಗೆ ತಲಪುವಷ್ಟರಲ್ಲಿ ಬೆಂಕಿ ಆರಿರುತ್ತದೆ. ಮುಂಬಯಿ ಸರ್ಕಾರವು 1946ರ ಡಿಸೆಂಬರಿನಲ್ಲಿ ಗೃಹರಕ್ಷಕ ದಳವನ್ನು ಸ್ಥಾಪಿಸಿದುದು ಈ ಎರಡರ ನಡುವಣ ಹಾದಿಯನ್ನು ಹುಡುಕಿಯೇ: ಆಳು ಸ್ಥಳೀಯ, ಶಿಸ್ತು ಸರ್ಕಾರದ್ದು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಹೊಕ್ಕಿತು. ಮುಖ್ಯ ದಳ ಸೊಲ್ಲಾಪುರದ ಕಡೆಯಿಂದ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ನೇತೃತ್ವದಲ್ಲಿ ನಡೆಯಿತು. 18ರಂದು ನಿಜಾಮರ ಸೈನ್ಯ ಶರಣಾಯಿತು. ಇದನ್ನು ‘ಪೋಲೀಸ್ ಕಾರ್ಯಾಚರಣೆ’ ಎಂದು ಕರೆದರು. (1947ರಲ್ಲಿ ಡಚ್ಚರೂ ಇಂಡೋನೇಷ್ಯದ ಮೇಲಣ ತಮ್ಮ ದಂಡಯಾತ್ರೆಗೆ ಇದೇ ಹೆಸರನ್ನಿಟ್ಟಿದ್ದರು, ಹೆಸರು ಸೌಮ್ಯವಾದುದು.) ಪೋಲೀಸಿನ ನಿಜವಾದ ಕೆಲಸ ಬಿದ್ದುದು ಆಮೇಲೆ. ರಜಾಕಾರರ ಬಲ ಮುರಿದೊಡನೆ, ಅವರೊಡನೆ ಯಾವ ಸಂಬಂಧವೂ ಇಲ್ಲದ ಮುಸಲ್ಮಾನ ರೈತರ, ಕಸುಬುದಾರರ ಮೇಲೆ ಸೇಡು ತಿರುಗಿತು. ಪ್ರಧಾನಿ ನೆಹರೂರವರ ಅಪೇಕ್ಷೆಯಂತೆ ನವೆಂಬರ್, ಡಿಸೆಂಬರಿನಲ್ಲಿ ಸಂಚರಿಸಿದ ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರರ ಮಂಡಲಿಯು ಸತ್ತವರನ್ನು 27,000ದಿಂದ 40,000 ಎಂದು ಅಂದಾಜುಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದರೆ ಉಸ್ಮಾನಾಬಾದು, ಗುಲ್ಬರ್ಗ, ಬೀದರ, ನಾಂದೇಡ. ಗುಲ್ಬರ್ಗವೆಂದರೆ ನಮ್ಮ ಭೀಮೆಯ ಆಚೆಯ ದಡವೇ. ಸೊಲ್ಲಾಪುರ ಮೊದಲಾದ ಹೊರಗಿನ ಊರುಗಳಿಂದ ಬಂದ ಆಯುಧಪಾಣಿಗಳೂ ಇದರಲ್ಲಿ ಸೇರಿದ್ದರೆಂದು ಅವರು ಬರೆದರು. ಅಂತೂ ಮೊದಲು ಒಂದು ದಿಕ್ಕಿನಿಂದ ದಾಟುತ್ತಿದ್ದ ಭಯ ಈಗ ಇನ್ನೊಂದು ದಿಕ್ಕಿನಿಂದ ದಾಟಿತು. ಎಲ್ಲೆಯ ಅಡ್ಡಿ ಹೋಗಿದ್ದರೂ ಹಳ್ಳಿಹಳ್ಳಿಗೆ ಕಾವಲು ಹೋಗಿರಲಿಲ್ಲ. ಕೆಲವೆಡೆ ಕಾಯಬೇಕಾದವರೇ ಲೂಟಿಗೆ ಕೈಹಾಕಿದರೆಂಬ ಮಾತೂ ಆ ವರದಿಯಲ್ಲಿದೆ. ಮುಸಲ್ಮಾನ ನೇಕಾರರನ್ನು ಹಿಂದೂ ನೇಕಾರರು ತಮ್ಮ ಪ್ರಾಣದ ಹಂಗಿಲ್ಲದೆ ಉಳಿಸಿಕೊಂಡರೆಂಬುದನ್ನೂ ಅದು ದಾಖಲೆಮಾಡಿದೆ.

1956ರ ನವೆಂಬರ್ 1ರಂದು ಎರಡು ದಡಗಳೂ ಒಂದೇ ರಾಜ್ಯಕ್ಕೆ ಬಂದುವು. ಆ ವರದಿ ಮಾತ್ರ ದಶಕಗಳ ಕಾಲ ಕಡತದಲ್ಲಿಯೇ ಇದ್ದು, 2013ರ ವೇಳೆಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುವವರಿಗೆ ದೊರೆಯುವಂತಾಯಿತು.