ಬೇಳೆ ಬೇಗ ಬೇಯಿಸುವ ನೀರು

ಕಲ್ಯಾಣದುರ್ಗ, ಬ್ರಹ್ಮಸಮುದ್ರದ ಕಡೆಯಾಗಲಿ, ಗಡಿ ದಾಟಿ ಪರಶುರಾಂಪುರ, ಪಾವಗಡದ ಕಡೆಯಾಗಲಿ, ಅಡುಗೆಮನೆಯಲ್ಲಿ ನೀರಿನ ಗುಣ ಹೇಳುವುದು ತೊಗರಿಬೇಳೆ. ಬೇಳೆ ಬೇಗ ಬೆಂದರೆ, ಸೋಪು ಸಲೀಸಾಗಿ ನೊರೆಯೆದ್ದರೆ ಅದು ಒಳ್ಳೆಯ ನೀರು. ಪಾತ್ರೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟಿಸುವುದು ಕೆಟ್ಟ ನೀರು. ಅಡುಗೆಯ ಮಟ್ಟಿಗೆ ಈ ತೀರ್ಪು ಸರಿಯೇ. ಫ್ಲೋರೈಡಿನ ಮಟ್ಟಿಗೆ ಮಾತ್ರ ಸಾಮಾನ್ಯವಾಗಿ ತಿರುವುಮುರುವು. ಹಕ್ಕಳೆ ಕಟ್ಟುವುದು ಕ್ಯಾಲ್ಸಿಯಮ್ಮಿನಿಂದ. ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಫ್ಲೋರೈಡು ಅದರೊಡನೆ ಕೂಡಿ, ಸುಲಭವಾಗಿ ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಕೆಳಗೇ ಉಳಿಯುತ್ತದೆ. ಕ್ಯಾಲ್ಸಿಯಂ ಕಡಿಮೆಯಾಗಿ ಸೋಡದ ಅಂಶ ಹೆಚ್ಚಿರುವ ನೀರಿಗೆ ಆ ತಡೆಯಿಲ್ಲ. ಬೇಳೆಯನ್ನು ಬೇಗ ಮೆತ್ತಗಾಗಿಸುವುದೂ ಇಂಥ ನೀರೇ. ಫ್ಲೋರೈಡಿಗೆ ರುಚಿ, ಬಣ್ಣ, ವಾಸನೆ ಯಾವುದೂ ಇಲ್ಲ.

ಈ ಸೀಮೆಯ ನೆಲದಡಿ ಇರುವುದು ಗ್ರಾನೈಟ್ ಮತ್ತು ನೈಸ್ ಶಿಲೆ. ಅದರೊಳಗಿನ ಕಪ್ಪು ಕಾಗೆಬಂಗಾರ, ಅಪಟೈಟ್, ಫ್ಲೋರೈಟ್ ಖನಿಜಗಳಲ್ಲಿ ಫ್ಲೋರೀನ್ ಇದೆ. ವರ್ಷಕ್ಕೆ ಬೀಳುವ ಮಳೆ ಸುಮಾರು 550 ಮಿಲಿಮೀಟರ್. ಬಿದ್ದ ನೀರು ಆವಿಯಾಗುತ್ತ ಹೋದಂತೆ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಿನಲ್ಲೇ ನಿಂತುಬಿಡುತ್ತದೆ. ಹೊಲ ಉಳುವಾಗ ನೇಗಿಲಿಗೆ ಸಿಗುವ ಬಿಳಿ ಉಂಡೆಗಳು ಅವೇ. ಹೀಗೆ ಕ್ಯಾಲ್ಸಿಯಂ ಕಳೆದುಕೊಂಡ ನೀರು ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ಕೂತು ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಹಳ್ಳಕೊಳ್ಳದ ನೀರಿಗೆ ಈ ಕಾಟ ಅಷ್ಟಿಲ್ಲ. ಆದರೆ ಇಲ್ಲಿಗೆ ಬರುವ ವೇದಾವತಿಗೆ ಮೇಲೆ ಮಾರಿಕಣಿವೆಯಲ್ಲಿ 1907ರಲ್ಲೇ ಅಣೆಕಟ್ಟು ಎದ್ದಿತು. ಕೆಳಗಿನ ಭೈರವಾನಿತಿಪ್ಪ ಜಲಾಶಯ ತುಂಬುವುದು ಅಪರೂಪ. ಉಳಿದದ್ದು ಬೋರು, ವರ್ಷದಿಂದ ವರ್ಷಕ್ಕೆ ಇನ್ನಷ್ಟು ಆಳದ ಬೋರು.

ನಮ್ಮ ದೇಶದಲ್ಲಿ ಇಂಥ ನೀರಿನ ಫ್ಲೋರೈಡಿನಿಂದ ಬರುವ ಕಾಯಿಲೆ ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ. ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯ ಹಳ್ಳಿಗಳನ್ನು ನೋಡಿ ಶಾರ್ಟ್ ಎಂಬ ವೈದ್ಯ ಮತ್ತು ಅವರ ಸಂಗಡಿಗರು ಬರೆದರು. ಅದಕ್ಕೂ ಮೊದಲೇ ರೈತರ ಕಣ್ಣಿಗೆ ಅದು ಬಿದ್ದಿತ್ತು, ಮನುಷ್ಯರಲ್ಲಲ್ಲ, ಎತ್ತುಗಳಲ್ಲಿ. ಕೀಲು ಬಿಗಿದು ನೊಗಕ್ಕೆ ಬಾರದಂತಾಗಿದ್ದವು. ಮೂಳೆ, ಹಲ್ಲುಗಳ ಖನಿಜದಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ಜೊತೆ ಹೈಡ್ರಾಕ್ಸಿಲ್ ಎಂಬ ಅಯಾನು ಕೂತಿರುತ್ತದೆ. ಫ್ಲೋರೈಡಿನ ಗಾತ್ರವೂ ಹೆಚ್ಚುಕಡಿಮೆ ಅಷ್ಟೇ, ಆದ್ದರಿಂದ ಅದರ ಜಾಗಕ್ಕೆ ಸಲೀಸಾಗಿ ಸೇರಿಕೊಳ್ಳುತ್ತದೆ. ಸ್ವಲ್ಪ ಸೇರಿದರೆ ಹಲ್ಲು ಗಟ್ಟಿ. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಪಟ್ಟಣದಲ್ಲಿ 1945ರಿಂದ ನಲ್ಲಿ ನೀರಿಗೆ ಫ್ಲೋರೈಡನ್ನು ಬೆರೆಸತೊಡಗಿದ್ದು ಇದಕ್ಕೇ. ಇಂದು ಅಲ್ಲಿ ಬೆರೆಸುವ ಪ್ರಮಾಣ ಲೀಟರಿಗೆ 0.7 ಮಿಲಿಗ್ರಾಂ. ನಮ್ಮ ಭಾರತೀಯ ಮಾನಕದ ಮಿತಿ 1, ಬೇರೆ ನೀರೇ ಇಲ್ಲದಿದ್ದರೆ 1.5. ಅದನ್ನು ಮೀರಿದರೆ ಸುಮಾರು ಎಂಟು ವರ್ಷದೊಳಗಿನ ಮಕ್ಕಳ ಮೊಳೆಯುತ್ತಿರುವ ಹಲ್ಲಿನಲ್ಲಿ ಸುಣ್ಣದ ಮಚ್ಚೆ, ಆಮೇಲೆ ಕಂದು ಪಟ್ಟೆ. ಹಲ್ಲು ಪೂರ್ತಿ ಬಂದ ದೊಡ್ಡವರಿಗೆ ಪಟ್ಟೆ ಬರುವುದಿಲ್ಲ. 3ರ ಮೇಲಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಅವರ ಬೆನ್ನು, ಕುತ್ತಿಗೆ, ಮಂಡಿ ಬಿಗಿಯತೊಡಗುತ್ತವೆ.

ಹಾಗಾದರೆ ಮನೆಗೊಂದು ಯಂತ್ರ ತಂದರೆ ಮುಗಿಯಿತೇ? ಮೊದಲು ಯಾವುದು ಫ್ಲೋರೈಡನ್ನು ತೆಗೆಯುವುದಿಲ್ಲ ಎನ್ನುವುದು ಗೊತ್ತಿರಬೇಕು. ಕುದಿಸಿದರೆ ಹೋಗದು, ನೀರು ಇಂಗಿದಷ್ಟೂ ಅದು ಮಂದವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಇದ್ದಿಲು, ಯುವಿ ದೀಪ ಇವು ಬೇರೆ ಕೊಳೆಗೆ, ಕ್ರಿಮಿಗೆ. ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ರೂಪಿಸಿದ ನಲ್ಗೊಂಡ ವಿಧಾನಕ್ಕೆ ಕರೆಂಟೂ ಬೇಡ: ಬಕೆಟ್ಟಿಗೆ ಪಟಿಕ, ಸುಣ್ಣ ಹಾಕಿ ಕಲಕಿ ಒಂದು ಗಂಟೆ ಬಿಟ್ಟು ಮೇಲಿನ ತಿಳಿ ನೀರನ್ನು ಬಸಿದುಕೊಳ್ಳುವುದು. ಕ್ಷಾರ ಹೆಚ್ಚಿದಷ್ಟೂ ಪಟಿಕ ಹೆಚ್ಚು ಬೇಕು, ಮತ್ತು ನಮ್ಮ ಬೋರಿನದು ಕ್ಷಾರದ ನೀರೇ. ಸಲ್ಫೇಟು, ಚೂರು ಅಲ್ಯೂಮಿನಿಯಂ ನೀರಿನಲ್ಲಿ ಉಳಿಯುವುದುಂಟು. ಇದನ್ನೆಲ್ಲ ದಿನಾ ಮಾಡುವ ಕೈ ಯಾವುದು ಎಂದು ಬೇರೆ ಹೇಳಬೇಕಿಲ್ಲ. ಆಕ್ಟಿವೇಟೆಡ್ ಅಲ್ಯೂಮಿನಾದ ಹರಳು ತುಂಬಿದ ಫಿಲ್ಟರು ಸುಲಭ. ಆದರೆ ಹರಳು ತುಂಬಿಹೋದಾಗ ನೀರಿನ ರುಚಿ ಬದಲಾಗದು, ಬಣ್ಣ ಬದಲಾಗದು, ಏನೂ ಸುಳಿವು ಸಿಗದು. ಕಾಸ್ಟಿಕ್ ಸೋಡದಲ್ಲಿ, ಆಮೇಲೆ ಆಮ್ಲದಲ್ಲಿ ತೊಳೆದು ಅದಕ್ಕೆ ಮರುಜೀವ ಕೊಡಬೇಕು. ಮನೆಗಳಲ್ಲಿ ಈ ಕೆಲಸ ನಡೆಯುವುದನ್ನು ನಂಬುವುದು ಕಷ್ಟ.

ಉಳಿದದ್ದು ಆರ್‌ಓ. ಅದರ ಪೊರೆಯನ್ನು ಜರಡಿ ಎಂದು ವಿವರಿಸುವುದು ರೂಢಿ, ಅದು ಅರ್ಧ ಮಾತ್ರ ನಿಜ. ಬರಿ ಫ್ಲೋರೈಡ್ ಅಯಾನು ಬಹಳ ಚಿಕ್ಕದು. ಆದರೆ ಅದು ಸುತ್ತ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಂಡೇ ಓಡಾಡುತ್ತದೆ, ಆ ಗುಂಪಿಗೆ ದಾರಿ ಸಾಲುವುದಿಲ್ಲ. ಪೊರೆಯ ಮೈಮೇಲಿನ ಋಣ ವಿದ್ಯುದಂಶವೂ ಅದನ್ನು ಹಿಂದಕ್ಕೆ ತಳ್ಳುತ್ತದೆ. ಪಂಪಿನ ಒತ್ತಡಕ್ಕೆ ನೀರು ಮಾತ್ರ ಆಚೆ ಹೋಗುತ್ತದೆ. ಪೊರೆ ಚೆನ್ನಾಗಿದ್ದರೆ ಫ್ಲೋರೈಡಿನಲ್ಲಿ ನೂರಕ್ಕೆ 85ರಿಂದ 95 ಪಾಲು ಕಳೆಯುತ್ತದೆ.

ಮಾರಲು ಬರುವವರು ಮಾಡುವ ಒಂದು ಆಟವನ್ನು ಇಲ್ಲಿ ಹೇಳಲೇಬೇಕು. ಎರಡು ಲೋಟದಲ್ಲಿ ಬೋರಿನ ನೀರು, ಆರ್‌ಓ ನೀರು ಇಟ್ಟು ಎರಡಕ್ಕೂ ಕರೆಂಟಿನ ಕಡ್ಡಿ ಇಳಿಸುತ್ತಾರೆ. ಬೋರಿನ ನೀರು ಕೆಸರುಗಂದು ಆಗುತ್ತದೆ. ನೋಡಿ ನೀವು ಕುಡಿಯುತ್ತಿರುವ ವಿಷ, ಎನ್ನುತ್ತಾರೆ. ಆ ಕಂದು ನೀರಿನಲ್ಲಿದ್ದದ್ದಲ್ಲ, ಕಬ್ಬಿಣದ ಕಡ್ಡಿಯೇ ಕರಗಿ ಬಿಟ್ಟ ತುಕ್ಕು. ಲವಣವಿದ್ದ ನೀರಿನಲ್ಲಿ ಕರೆಂಟು ಹರಿಯುತ್ತದೆ, ಆರ್‌ಓ ನೀರಿನಲ್ಲಿ ಹರಿಯುವುದಿಲ್ಲ, ಅಷ್ಟೇ. ಟಿಡಿಎಸ್ ಮೀಟರೂ ಫ್ಲೋರೈಡನ್ನು ತೋರಿಸದು. ಅದು ಎಲ್ಲ ಲವಣಗಳ ಒಟ್ಟು ಲೆಕ್ಕ, ಸಾವಿರದ ಮೀಟರಿನಲ್ಲಿ ಎರಡು ಮೂರು ಎಲ್ಲಿ ಕಂಡೀತು? ಆದರೆ ಅದನ್ನು ಎಸೆಯಬೇಡಿ. ಯಂತ್ರಕ್ಕೆ ಹೋಗುವ ನೀರು, ಬರುವ ನೀರು ಎರಡನ್ನೂ ತಿಂಗಳಿಗೊಮ್ಮೆ ಅಳೆದು ಬರೆದಿಟ್ಟರೆ ಪೊರೆ ಸೋಲುವುದು ಮೊದಲು ಅಲ್ಲೇ ಕಾಣುತ್ತದೆ. ಫ್ಲೋರೈಡ್ ಎಷ್ಟಿದೆ ಎನ್ನುವುದಕ್ಕೆ ಪ್ರಯೋಗಾಲಯದ ವರದಿಯೇ ಬೇಕು. ಪಂಚಾಯ್ತಿಗಳಲ್ಲಿ ಬಳಸುವ ಬಣ್ಣದ ಕಿಟ್ಟಿನಲ್ಲಿ ಕೆಂಪು ಹಳದಿಯತ್ತ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು ಎಂಬ ಅಂದಾಜು ಸಿಗುತ್ತದೆ.

ಯಂತ್ರ ಬಂದ ಮನೆಗಳಲ್ಲೂ ಹೆಚ್ಚಾಗಿ ಲೆಕ್ಕ ತಪ್ಪುವುದು ಒಲೆಯ ಮುಂದೆ. ಕುಡಿಯಲು ಆರ್‌ಓ, ಮುದ್ದೆಗೆ ಬೋರು. ಬೋರಿನಲ್ಲಿ ಲೀಟರಿಗೆ 3 ಮಿಲಿಗ್ರಾಂ ಇದೆ ಎನ್ನೋಣ. ಬಿಸಿಲುಗಾಲದಲ್ಲಿ ಹೊಲದ ಕೆಲಸದವರು 3 ಲೀಟರ್ ಕುಡಿದರೆ 9 ಮಿಲಿಗ್ರಾಂ. ಮುದ್ದೆ, ಅನ್ನ, ಸಾರಿನ ಮೂಲಕ ಒಂದೂವರೆ ಲೀಟರ್ ಹೊಟ್ಟೆಗೆ ಹೋದರೆ 4.5. ಒಟ್ಟು 13.5. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 6 ದಾಟಿದರೆ ಮೂಳೆಗೆ ಅಪಾಯದ ಸೂಚನೆ, 14ಕ್ಕೆ ಅಪಾಯ ಖಚಿತ. ಪೊರೆ ಮೇಲೆ ಹೇಳಿದ 85, 95ರ ನಡುಮಧ್ಯದಷ್ಟು ಪಾಲು ಕಳೆಯುತ್ತದೆ ಎಂದು ಹಿಡಿದು, ಕುಡಿಯುವುದಕ್ಕೆ ಮಾತ್ರ ಆರ್‌ಓ ಹಾಕಿದರೆ ಮೊತ್ತ 5.4ಕ್ಕೆ ಇಳಿಯುತ್ತದೆ, ಅಂಚಿನಲ್ಲೇ ನಿಂತಂತೆ. ಅಡುಗೆಗೂ ಹಾಕಿದರೆ 1.4. ಯಂತ್ರದ ನಿಜವಾದ ಬೆಲೆ ಇರುವುದು ಈ ಎರಡನೆಯ ಇಳಿತದಲ್ಲಿ, ಅದರಲ್ಲೂ ಮುದ್ದೆ ತಿನ್ನುವ ಮನೆಯಲ್ಲಿ. ಹಾಗೆಂದು ಮುದ್ದೆಯನ್ನು ದೂರಬೇಡಿ, ರಾಗಿಯ ಕ್ಯಾಲ್ಸಿಯಂ ಕರುಳಿನಲ್ಲಿ ಫ್ಲೋರೈಡನ್ನು ಹಿಡಿದಿಡುತ್ತದೆ. ಹುಣಸೆಹಣ್ಣು ತಿಂದ ಹುಡುಗರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋದುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2002ರಲ್ಲಿ ಪ್ರಕಟಿಸಿದರು. ನೀರನ್ನು ಬದಲಿಸದೆ ಬರಿ ಹುಣಸೆಹುಳಿ ನಂಬಿ ಕೂರಲಾಗದು, ಅದು ಬೇರೆ ಮಾತು.

ಮನೆಗೆ ನದಿಯ ನೀರೇ ಬರುವುದಾದರೆ ಈ ಖರ್ಚೇ ಬೇಡ. ಸತ್ಯ ಸಾಯಿ ಕುಡಿಯುವ ನೀರಿನ ಯೋಜನೆ 1990ರ ದಶಕದ ನಡುವೆ ಅನಂತಪುರ ಜಿಲ್ಲೆಯ 700ಕ್ಕೂ ಹೆಚ್ಚು ಹಳ್ಳಿಗಳನ್ನು ಮುಟ್ಟಿತು. ಅಂಥ ನಲ್ಲಿಯಲ್ಲಿ ವರದಿ 1ರ ಒಳಗಿದ್ದರೆ ಆರ್‌ಓ ತರುವುದು ಇರುವ ಸುಣ್ಣಾಂಶವನ್ನೂ ದುಡ್ಡು ಕೊಟ್ಟು ಕಳೆದುಕೊಂಡಂತೆ. ನಲ್ಲಿ ವಾರಕ್ಕೊಮ್ಮೆ ಬಂದು ಉಳಿದ ದಿನ ಬೋರಿಗೆ ಹೋಗುವ ಮನೆಯದು ಬೇರೆ ಕತೆ.

ನನ್ನನ್ನು ಕೇಳಿದರೆ, ಸ್ವಂತ ಮಾಳಿಗೆ ಇದ್ದವರು ಯಂತ್ರಕ್ಕಿಂತ ಮೊದಲು ಮಳೆಯನ್ನು ಲೆಕ್ಕ ಹಾಕಬೇಕು. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬಹುದು. 50 ಚದರ ಮೀಟರ್ ಮಾಳಿಗೆಗೆ 550 ಮಿಲಿಮೀಟರ್ ಮಳೆ, ಐದನೇ ಒಂದು ಪಾಲು ನಷ್ಟ ಬಿಟ್ಟರೂ ವರ್ಷಕ್ಕೆ 22,000 ಲೀಟರ್. ಐದು ಜನರ ಕುಡಿಯುವ, ಅಡುಗೆಯ ನೀರು ದಿನಕ್ಕೆ 40 ಲೀಟರ್ ಎಂದರೂ ವರ್ಷಕ್ಕೆ 14,600. ತೊಡಕಿರುವುದು ತೊಟ್ಟಿಯಲ್ಲಿ. ದೀಪಾವಳಿಯಿಂದ ಮುಂಗಾರಿನವರೆಗೆ 200 ದಿನ ದಾಟಿಸಲು 8,000 ಲೀಟರಿನದು ಬೇಕು, ಮೊದಲ ಮಳೆಯನ್ನು ಹೊರಗೆ ಬಿಡಬೇಕು, ಬೆಳಕು ಬೀಳದಂತೆ ಮುಚ್ಚಬೇಕು. ಪಾವಗಡ, ಮುಂಡರಗಿ, ಬಾಗೇಪಲ್ಲಿ ತಾಲೂಕುಗಳಲ್ಲಿ ಸಚೇತನ ಯೋಜನೆಯಡಿ ಇಂಥ ತೊಟ್ಟಿಗಳನ್ನು ಕಟ್ಟಿದ್ದೂ ಫ್ಲೋರೈಡಿನ ಕಾರಣಕ್ಕೇ.

ಆರ್‌ಓ ಇದ್ದವರಿಗೆ ಇನ್ನೊಂದು ಮಾತು. ಮೂರು ಲೀಟರ್ ಕುಡಿಸಿದರೆ ಒಂದು ಲೀಟರ್ ಕೊಡುವ ಯಂತ್ರ ಮಿಕ್ಕ ಎರಡನ್ನು ಹೊರಚೆಲ್ಲುತ್ತದೆ. ಒಳಗೆ ಹೋದದ್ದು 3 ಮಿಲಿಗ್ರಾಮಿನ ನೀರಾದರೆ ಹೊರಬರುವುದು 4.35ರದು. ಅದು ನೆಲ ಒರೆಸಲು, ಬಟ್ಟೆ ನೆನೆಸಲು, ಪಾಯಿಖಾನೆಗೆ ಆದೀತು. ದನದ ಬಾನಿಗೆ ಮಾತ್ರ ಸುರಿಯಬಾರದು.