ನಿಂತೇ ತಿನ್ನುವ ಬೀದಿ

ಬೆಂಗಳೂರಿನ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು ವಿ.ವಿ. ಪುರದ ಕಡೆ ನಡೆದರೆ ಸಜ್ಜನ್ ರಾವ್ ವೃತ್ತ ಸಿಗುತ್ತದೆ. ಶನಿವಾರ ಸಂಜೆ ಅಲ್ಲಿಂದ ಮುಂದೆ ದಾರಿ ಕೇಳಬೇಕಿಲ್ಲ, ಕಾದ ಎಣ್ಣೆಯ ವಾಸನೆ ಹಿಡಿದು ಹೋದರೆ ಸಾಕು. ರಟ್ಟೀಹಳ್ಳಿಯ ಸಂತೆ ನೋಡಿ ಬೆಳೆದ ನನಗೆ ಈ ತಿಂಡಿ ಬೀದಿ ಕೊಂಚ ವಿಚಿತ್ರವಾಗಿಯೇ ಕಂಡಿತು. ನಮ್ಮಲ್ಲಿ ಕಾಳು, ಕಾಯಿಪಲ್ಯ ಕೊಂಡು ಚೀಲ ತುಂಬಿದ ಮೇಲೆ ಮಂಡಕ್ಕಿ, ಮಿರ್ಚಿ. ಇಲ್ಲಿ ಚೀಲ ಹಿಡಿದವರೇ ಇಲ್ಲ. ತಿನ್ನುವುದಕ್ಕೆಂದೇ ಬಂದವರು.

ಮೊದಲಿಗೆ ಹಳೆಯದೊಂದು ಬೇಕರಿ. ಹೊಟ್ಟು ತೆಗೆದ ಶೇಂಗಾಕ್ಕೆ ಖಾರ, ಕರಿಬೇವು ಹಚ್ಚಿದ ಕಾಂಗ್ರೆಸ್ ಕಡಲೆಬೀಜ ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಇಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಮುಂದಿನದು ಬರೀ ನೋಡುವುದಾಗುತ್ತದೆ.

ಬೀದಿಯೊಳಗೆ ಹೊಕ್ಕರೆ ಎರಡೂ ಬದಿ ಅಂಗಡಿ, ನಡುವೆ ತಟ್ಟೆ ಹಿಡಿದು ನಿಂತ ಜನ. ಕುರ್ಚಿ ಹುಡುಕುವುದು ವ್ಯರ್ಥ. ದೋಸೆ ಕಾವಲಿಯ ಮುಂದೆ ನಿಂತೆ. ಹಿಟ್ಟು ಹರಡಿದ ಕೂಡಲೇ ಮೇಲೆ ಹಿತಕಿದ ಅವರೆಬೇಳೆ ಉದುರಿಸಿ, ಸಟ್ಟುಗದ ಬೆನ್ನಿನಿಂದ ಒತ್ತುತ್ತಾರೆ. ಅವರೆಕಾಳನ್ನು ನೆನೆಹಾಕಿ, ಒಂದೊಂದನ್ನೇ ಬೆರಳಲ್ಲಿ ಹಿಚುಕಿ ಸಿಪ್ಪೆ ತೆಗೆದ ಬೇಳೆ ಅದು. ಆ ಶ್ರಮ ಬಲ್ಲವರಿಗೆ ಬೆಲೆಯ ಬಗ್ಗೆ ಚೌಕಾಸಿ ಮಾಡಲು ಮನಸ್ಸಾಗದು. ಸೊಗಡಿನ ಅವರೆ ಬರುವುದು ಚಳಿಗಾಲದಲ್ಲಿ. ಜನವರಿಯ ಅವರೆ ಮೇಳ ಬಹಳ ವರ್ಷ ಇದೇ ಬೀದಿಯಲ್ಲಿ ನಡೆದು, ಜನ ಹಿಡಿಸದೆ 2023ರಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಪಕ್ಕದ ಮಸಾಲೆ ದೋಸೆಗೆ ಸವರಿದ ಕೆಂಪು ಚಟ್ನಿಯ ಬಣ್ಣ ನೋಡಿ, ಇದು ನಮ್ಮ ನೆರೆಯ ಬ್ಯಾಡಗಿಯ ಮೆಣಸಿನಕಾಯಿಯೇ ಇರಬೇಕು ಎಂದುಕೊಂಡೆ. ಬಣ್ಣ ಹೆಚ್ಚು, ಖಾರ ಕಡಿಮೆ. ಆದರೂ ಊರಿನ ಅಭಿಮಾನ ಕಣ್ಣಿಗೆ ಮೋಸ ಮಾಡಿದ್ದರೂ ಮಾಡಿರಬಹುದು.

ನಡುವೆ ನೂಡಲ್ಸ್, ಕಡ್ಡಿಗೆ ಸುರುಳಿಯಾಗಿ ಚುಚ್ಚಿದ ಆಲೂಗಡ್ಡೆ, ಬೆಣ್ಣೆ ಹಚ್ಚಿದ ಜೋಳದ ಕಾಳು. ಫೋನು ಹಿಡಿದವರ ಗುಂಪು ಇಲ್ಲೇ ಹೆಚ್ಚು. ನಾನು ಬೇಗ ದಾಟಿದೆ.

ಹೋಳಿಗೆ ಅಂಗಡಿಯಲ್ಲಿ ಮಾತ್ರ ಕಾಲು ಮುಂದಕ್ಕೆ ಬರಲಿಲ್ಲ. ನಮ್ಮ ಮನೆಯಲ್ಲಿ ಹಿಟ್ಟು ಹಚ್ಚಿ ಲಟ್ಟಿಸುತ್ತಾರೆ. ಇಲ್ಲಿ ಕಣಕದಲ್ಲಿ ಹೂರಣ ಮುಚ್ಚಿ, ಎಣ್ಣೆ ಸವರಿದ ಹಾಳೆಯ ಮೇಲೆ ಅಂಗೈಯಿಂದ ತಟ್ಟಿ, ಹಾಳೆ ಸಮೇತ ಕಾವಲಿಗೆ ಬೋರಲು ಹಾಕಿ, ಹಾಳೆಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಾರೆ. ಒಂದೂ ಹರಿಯಲಿಲ್ಲ. “ಅಣ್ಣಾ, ತುಪ್ಪ ಹಾಕ್ಲಾ?” ಎಂದು ಕೇಳಿದ ಹುಡುಗ ಉತ್ತರಕ್ಕೆ ಕಾಯದೆ ಸುರಿದೇಬಿಟ್ಟ. ಕಾಯಿ ಹೋಳಿಗೆ ಬೇಳೆ ಹೋಳಿಗೆಗಿಂತ ಚೆನ್ನಾಗಿತ್ತು. ನಿಂತು ಸುಸ್ತಾದ ಹಸಿವಿಗೆ ಹಾಗೆನಿಸಿತೋ ಏನೋ.

ಕೊನೆಗೆ ಬೆಣ್ಣೆ, ಹಣ್ಣು, ಐಸ್‌ಕ್ರೀಮಿನ ಜೊತೆ ಗುಲ್ಕನ್. ಮೊದಲ ಚಮಚ ಸೊಗಸು, ಮೂರನೆಯದಕ್ಕೆ ಸಿಹಿ ಮುಖಕ್ಕೆ ಹೊಡೆಯುತ್ತದೆ. ಒಂದು ಬಟ್ಟಲು ಇಬ್ಬರಿಗೆ ಧಾರಾಳವಾಗುತ್ತದೆ.

ಕಸದ ಡಬ್ಬಿಗಳು ತುಂಬಿ ತಟ್ಟೆಗಳು ನೆಲಕ್ಕೆ ಬಿದ್ದಿದ್ದವು. ಜನರ ನಡುವೆಯೇ ಸ್ಕೂಟರುಗಳು ನುಗ್ಗುತ್ತಿದ್ದವು. ಬೀದಿ ಮುಗಿಯುವವರೆಗೂ ಗಿರ್ಮಿಟ್ ಹುಡುಕಿದೆ, ಸಿಗಲಿಲ್ಲ. ನಮ್ಮ ಕಡೆಯ ರುಚಿಗೆ ಇಲ್ಲಿ ಜಾಗ ಸಾಲದು ಎಂಬುದು ನನ್ನ ದೂರು.

ಹೋಗುವವರಿಗೆ ಒಂದು ಮಾತು. ಕಾರು ಬೇಡ, ಮೆಟ್ರೊ ಹಿಡಿಯಿರಿ. ಮಧ್ಯಾಹ್ನದ ಊಟ ಹಗುರವಾಗಿರಲಿ, ನೀರಿನ ಬಾಟಲಿ ಜೊತೆಗಿರಲಿ. ದೀಪ ಹತ್ತುವ ಹೊತ್ತಿಗೇ ತಲುಪಿ, ದೋಸೆ, ಹೋಳಿಗೆ ಮುಗಿಸಿಕೊಳ್ಳಿ. ಎಂಟರ ಮೇಲೆ ಕಾವಲಿಯ ಹತ್ತಿರ ಹೋಗುವುದೇ ಕಷ್ಟ.