ಚಿತ್ರ ಬರೆಯಲು ಕಲಿಯುವುದೆಂದರೆ

‘ಚಿತ್ರ ಬರೆಯುವ ಕೈ ಹುಟ್ಟಿನಿಂದಲೇ ಬರಬೇಕು, ಅದು ಕಲಿತು ಬರುವ ವಿದ್ಯೆಯಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯಲ್ಲಿದೆ. ಸಂಗೀತದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿ ಯಾರೂ ಹೇಳುವುದಿಲ್ಲ. ‘ಹಾಡುತ್ತಾ ಹಾಡುತ್ತಾ ರಾಗ’ ಎಂಬ ಗಾದೆಯೇ ಇದೆ. ಚಿತ್ರಕ್ಕೆ ಮಾತ್ರ ಆ ರಿಯಾಯಿತಿ ಇಲ್ಲ. ನಮ್ಮ ಯಾವ ತರಗತಿಯಲ್ಲಾದರೂ ಸರಿಯೆ, ಮೇಜಿನ ಮೇಲೆ ಒಂದು ನೀರಿನ ಲೋಟವನ್ನಿಟ್ಟು ‘ಇದನ್ನು ಬರೆಯಿರಿ’ ಎಂದರೆ ಬಹುಮಂದಿ ‘ನಮಗೆ ಬಾರದು’ ಎಂದು ನಕ್ಕು ಪೆನ್ಸಿಲನ್ನು ಪಕ್ಕಕ್ಕಿಡುತ್ತಾರೆ. ಇವರೇ ಐದು ವರ್ಷದವರಾಗಿದ್ದಾಗ ಗೋಡೆ, ನೆಲ, ಸ್ಲೇಟು ಯಾವುದನ್ನೂ ಬಿಡದೆ ಗೀಚಿದವರು! ಆಗ ಬರುತ್ತಿದ್ದ ವಿದ್ಯೆ ಈಗ ಎಲ್ಲಿಗೆ ಹೋಯಿತು? ಅದನ್ನು ಮರಳಿ ಪಡೆಯಬಹುದೇ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಮೊದಲು ಮಗುವಿನಿಂದ ಆರಂಭಿಸಬೇಕು. ಸುಮಾರು ಎರಡು ವರ್ಷದ ಮಗು ಸೀಮೆಸುಣ್ಣ ಹಿಡಿದು ಗೀಚುವಾಗ ಅದು ಏನನ್ನೂ ‘ಬರೆಯುತ್ತಿರುವುದಿಲ್ಲ’. ಕೈ ಆಡಿಸಿದರೆ ಗುರುತು ಉಳಿಯುತ್ತದೆಯೆಂಬುದೇ ಅದಕ್ಕೆ ದೊಡ್ಡ ಆನಂದ. ಕ್ರಮೇಣ ಗೀರು ಸುತ್ತಿ ಬಂದು ತನ್ನನ್ನೇ ಕೂಡಿ ದುಂಡಾಗುತ್ತದೆ. ಮೂರು ನಾಲ್ಕು ವರ್ಷಕ್ಕೆ ಆ ದುಂಡಿನೊಳಗೆ ಎರಡು ಕಣ್ಣು ಮೂಡಿ, ಕೆಳಗೆ ಎರಡು ಗೀಟು ಇಳಿದು, ತಲೆಯಿಂದಲೇ ಕಾಲು ಹೊರಟ ಮನುಷ್ಯ ಹುಟ್ಟುತ್ತಾನೆ. ಅಮೆರಿಕದ ರೋಡಾ ಕೆಲಾಗ್ ಎಂಬಾಕೆ ಹಲವು ದೇಶಗಳ ಮಕ್ಕಳ ಸುಮಾರು 10 ಲಕ್ಷ ಚಿತ್ರಗಳನ್ನು ಕೂಡಿಸಿ, 1969ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಭಾಷೆ ಬೇರೆ, ಊಟ ಬೇರೆಯಾದರೂ ಮಕ್ಕಳ ಮೊದಲ ಗೀರುಗಳಲ್ಲಿ ಬಹಳ ಹೋಲಿಕೆಯಿದೆಯೆಂಬುದು ಅವರು ಕಂಡುಕೊಂಡ ಸಂಗತಿ. ಆರೇಳು ವರ್ಷಕ್ಕೆ ಹಾಳೆಯ ಕೆಳಗೆ ನೆಲದ ಗೆರೆ ಬರುತ್ತದೆ. ಮೇಲೆ ನೀಲಿಯ ಪಟ್ಟಿಯಾಗಿ ಆಕಾಶ ಬರುತ್ತದೆ. ನಡುವೆ ಬರಿಯ ಬಿಳಿ. ಮಗುವಿನ ಲೆಕ್ಕದಲ್ಲಿ ನೆಲ ಕೆಳಗಿದೆ, ಆಕಾಶ ಮೇಲಿದೆ. ಅದರಲ್ಲಿ ತಪ್ಪೇನು?

ಆ ವಯಸ್ಸಿನ ಮಗು ಲೋಟವನ್ನು ಬರೆಯುವುದನ್ನು ನೋಡಿ. ಬಾಯನ್ನು ಪೂರ್ಣ ದುಂಡಗೆ ಬರೆದು, ತಳವನ್ನು ನೇರ ಗೆರೆಯಿಂದ ಮುಗಿಸುತ್ತದೆ. ಬಾಯಿ ದುಂಡಗಿದೆಯೆಂದು ಮಗು ಬಲ್ಲದು. ತಳ ಅಲುಗದೆ ಮೇಜಿನ ಮೇಲೆ ಕೂತಿದೆಯೆಂದೂ ಬಲ್ಲದು. ಎರಡನ್ನೂ ಪ್ರಾಮಾಣಿಕವಾಗಿ ಹೇಳಿದೆ. ಮನೆ ಬರೆದರೆ ಗೋಡೆಯ ಒಳಗಿರುವ ಅಜ್ಜಿಯೂ ಕಾಣುತ್ತಾಳೆ. ಪಕ್ಕದಿಂದ ಕಂಡ ಹಸುವಿಗೆ ಎರಡು ಕಣ್ಣೂ ಇರುತ್ತವೆ. ಫ್ರಾನ್ಸಿನ ವಿದ್ವಾಂಸ ಲ್ಯುಕೆ 1927ರಲ್ಲಿ ಮಕ್ಕಳ ಚಿತ್ರಗಳ ಕುರಿತ ತನ್ನ ಗ್ರಂಥದಲ್ಲಿ ಇದನ್ನು ವಿವರಿಸಿದ್ದಾನೆ: ಮಗು ತಾನು ಕಂಡದ್ದನ್ನಲ್ಲ, ಬಲ್ಲದ್ದನ್ನು ಬರೆಯುತ್ತದೆ. ಹೀಗೆ ನೋಡಿದರೆ ಮಗುವಿನ ಚಿತ್ರ ಒಂದು ಕೆಟ್ಟ ಭಾವಚಿತ್ರವಲ್ಲ, ಒಳ್ಳೆಯ ವರದಿ.

ಇನ್ನು ಮೊದಲ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ಒಂಬತ್ತು ಹತ್ತು ವರ್ಷದ ಹೊತ್ತಿಗೆ ಮಗುವಿಗೆ ತನ್ನ ವರದಿ ಸಾಲದೆನಿಸುತ್ತದೆ. ಚಿತ್ರ ನಿಜದಂತೆ ಕಾಣಬೇಕೆಂಬ ಆಸೆ ಮೊಳೆಯುತ್ತದೆ. ಕಣ್ಣಿಗೆ ಕಾಣುವಂತೆ ಬರೆಯುವ ಉಪಾಯವಾದರೋ ಕೈಯಲ್ಲಿಲ್ಲ. ಈ ಸಂಧಿಕಾಲದಲ್ಲಿ ಯಾರಾದರೂ ಆ ಉಪಾಯವನ್ನು ಹೇಳಿಕೊಟ್ಟರೆ ಮಗು ಮುಂದೆ ಸಾಗುತ್ತದೆ. ‘ಇದೇನು ಹಸುವೋ ಕತ್ತೆಯೋ?’ ಎಂದು ನಕ್ಕರೆ ಅಲ್ಲಿಗೆ ನಿಲ್ಲುತ್ತದೆ. ಆದುದರಿಂದ ನಮ್ಮಲ್ಲಿ ಬಹುಮಂದಿಯ ಚಿತ್ರ ಹತ್ತು ವರ್ಷದ ಮಗುವಿನ ಚಿತ್ರದಂತೆಯೇ ಉಳಿದಿರುವುದು ಸಹಜ. ಬಾರದೆ ಹೋದದ್ದು ಕೈಯ ದೋಷದಿಂದಲ್ಲ. ಪಾಠ ಅಲ್ಲಿಗೆ ನಿಂತುದರಿಂದ.

ಆ ಉಪಾಯ ಯಾವುದು? ಒಂದೇ ಮಾತಿನಲ್ಲಿ ಹೇಳುವುದಾದರೆ, ‘ಬಲ್ಲದ್ದನ್ನು ಗಳಿಗೆಯ ಮಟ್ಟಿಗೆ ಬದಿಗಿಟ್ಟು, ಕಂಡದ್ದನ್ನು ನಂಬುವುದು.’ ಹೇಳಲು ಸುಲಭ. ಆದರೆ ಬುದ್ಧಿ ಬಹಳ ಹಟಮಾರಿ. ಅದನ್ನು ಬಗ್ಗಿಸಲು ಕೆಲವು ಅಭ್ಯಾಸಗಳಿವೆ. ಬೇಕಾಗುವ ಸಾಮಗ್ರಿ ಒಂದು ಪೆನ್ಸಿಲು, ಒಂದಿಷ್ಟು ಅಗ್ಗದ ಕಾಗದ. ಅದೂ ಇಲ್ಲವಾದರೆ ಒಲೆಯ ಇದ್ದಲು, ಹಳೆಯ ವೃತ್ತಪತ್ರಿಕೆ. ಅಳಿಸುವ ರಬ್ಬರನ್ನು ಮಾತ್ರ ದೂರವಿಡಬೇಕು. ತಪ್ಪು ಗೆರೆ ಕಣ್ಣ ಮುಂದೆ ಉಳಿದರೆ ತಾನೆ ಅದರ ಪಕ್ಕದಲ್ಲಿ ಸರಿಯಾದ ಗೆರೆ ಹಾಕಲು ಸಾಧ್ಯ?

ಮೊದಲನೆಯದು, ಲೋಟದ ಬಾಯಿ. ಲೋಟವನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯಿರಿ: ಬಾಯಿ ಬರಿಯ ನೇರ ಗೆರೆಯಾಗಿ ಕಾಣುತ್ತದೆ. ಮೆಲ್ಲನೆ ಕೆಳಗಿಳಿಸಿ: ಗೆರೆ ತೆರೆದುಕೊಂಡು ಮೊಟ್ಟೆಯಂತೆ ಅಂಡಾಕಾರವಾಗುತ್ತದೆ, ಇಳಿಸಿದಷ್ಟೂ ಅಗಲವಾಗುತ್ತದೆ. ತಳವು ಬಾಯಿಗಿಂತ ಕೆಳಗಿರುವುದರಿಂದ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚಾಗಿರಬೇಕು. ನೇರವಾಗಿರುವುದಂತೂ ಸಾಧ್ಯವೇ ಇಲ್ಲ. ಇದೊಂದನ್ನು ತಿಳಿದವನಿಗೆ ಬಿಂದಿಗೆ, ಕೊಡ, ಗಾಡಿಯ ಚಕ್ರ, ಬಾವಿಯ ಕಟ್ಟೆ ಎಲ್ಲವೂ ಒಂದೇ ಪಾಠವಾಗಿ ಒದಗುತ್ತವೆ.

ಎರಡನೆಯದು, ಅಳತೆ. ತೋಳನ್ನು ಪೂರ್ತಿ ನೀಡಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ ಲೋಟದ ಅಗಲವನ್ನು ಪೆನ್ಸಿಲಿನ ಮೇಲೆ ಹೆಬ್ಬೆರಳಿನಿಂದ ಗುರುತು ಮಾಡಿಕೊಳ್ಳಿ. ಎತ್ತರದಲ್ಲಿ ಅಂಥ ಅಗಲ ಎಷ್ಟಿವೆಯೆಂದು ಎಣಿಸಿ. ಮೊಣಕೈ ಮಡಿಸಕೂಡದು, ಮಡಿಸಿದರೆ ಪೆನ್ಸಿಲು ಕಣ್ಣಿಗೆ ಹತ್ತಿರವಾಗಿ ಅಳತೆ ಕೆಡುತ್ತದೆ. ಮನುಷ್ಯರನ್ನು ಬರೆಯುವಾಗಲೂ ಇದೇ ಕ್ರಮ. ಕಣ್ಣುಗಳು ತಲೆಯ ಮೇಲ್ಭಾಗದಲ್ಲಿವೆಯೆಂದು ನಾವೆಲ್ಲ ತಿಳಿದಿದ್ದೇವೆ. ಅಳೆದು ನೋಡಿದರೆ ನೆತ್ತಿಯಿಂದ ಗದ್ದಕ್ಕೆ ಸರಿಸುಮಾರು ನಡುಮಧ್ಯದಲ್ಲಿವೆ! ಬೆಳೆದವರ ಎತ್ತರ ಸುಮಾರು ಏಳು ಅಥವಾ ಏಳೂವರೆ ತಲೆಯಷ್ಟು. ಒಂದು ವರ್ಷದ ಕೂಸಿನದು ನಾಲ್ಕು ತಲೆಯಷ್ಟು. ಇದನ್ನರಿಯದೆ ಬರೆದ ಕೂಸು ಕುಳ್ಳ ಮುದುಕನಂತೆ ಕಾಣುವುದುಂಟು.

ಮೂರನೆಯದು, ಅಂಚಿನ ಅಭ್ಯಾಸ. 1941ರಲ್ಲಿ ಪ್ರಕಟವಾದ ಕಿಮೊನ್ ನಿಕೊಲೈಡಿಸ್ ಅವರ ಗ್ರಂಥದಲ್ಲಿ ಇದಕ್ಕೆ ಮೊದಲ ಸ್ಥಾನವಿದೆ. ನಿಮ್ಮ ಎಡಗೈಯನ್ನೇ ನೋಡುತ್ತಾ, ಕಾಗದದ ಕಡೆ ನೋಡದೆ, ಅಂಗೈಯ ಅಂಚಿನ ಮೇಲೆ ಇರುವೆ ಹರಿದಷ್ಟು ನಿಧಾನವಾಗಿ ಕಣ್ಣನ್ನು ಸಾಗಿಸಿ. ಪೆನ್ಸಿಲು ಕಣ್ಣಿನೊಡನೆಯೇ ನಡೆಯಲಿ. ಮುಗಿದ ಚಿತ್ರ ಸೊಟ್ಟಗಿರುತ್ತದೆ, ಇರಲಿ. ಇಪ್ಪತ್ತು ವರ್ಷ ನಮ್ಮೊಡನೆಯೇ ಇದ್ದ ಕೈಯನ್ನು ಅಂದು ಮೊದಲ ಬಾರಿ ನೋಡಿದಂತಾಗುತ್ತದೆ.

ನಾಲ್ಕನೆಯದು ತಲೆಕೆಳಗಿನ ಚಿತ್ರ. ಬೆಟ್ಟಿ ಎಡ್ವರ್ಡ್ಸ್ ಎಂಬ ಅಮೆರಿಕದ ಶಿಕ್ಷಕಿ 1979ರ ತಮ್ಮ ಪುಸ್ತಕದಲ್ಲಿ, ಪಿಕಾಸೊ 1920ರಲ್ಲಿ ಬರೆದ ಸಂಗೀತಗಾರ ಸ್ಟ್ರಾವಿನ್ಸ್ಕಿಯ ರೇಖಾಚಿತ್ರವನ್ನು ತಲೆಕೆಳಗಾಗಿಟ್ಟು ನಕಲು ಮಾಡಲು ಹೇಳುತ್ತಾರೆ. ತಲೆಕೆಳಗಾದಾಗ ‘ಇದು ಮೂಗು, ಇದು ಕಿವಿ’ ಎಂದು ಹೆಸರಿಡಲು ಬುದ್ಧಿಗೆ ಬಿಡುವಾಗುವುದಿಲ್ಲ. ಬರಿಯ ಗೆರೆಗಳೇ ಉಳಿಯುತ್ತವೆ. ಮಿದುಳಿನ ಬಲಭಾಗದ ಕೆಲಸವೆಂದು ಅವರು ಇದಕ್ಕೆ ಕೊಟ್ಟ ಕಾರಣ ತೀರ ಸರಳವಾದುದೆಂದು ವಿಜ್ಞಾನಿಗಳು ಆಕ್ಷೇಪಿಸಿದ್ದಾರೆ. ಕಾರಣ ಹೇಗೇ ಇರಲಿ, ಅಭ್ಯಾಸ ಫಲ ಕೊಡುತ್ತದೆ. ಕುರ್ಚಿಯನ್ನು ಬಿಟ್ಟು, ಅದರ ಕಾಲುಗಳ ನಡುವಿನ ಖಾಲಿ ಜಾಗವನ್ನಷ್ಟೇ ಬರೆಯುವ ಅಭ್ಯಾಸದ ಗುಟ್ಟೂ ಇದೇ: ಖಾಲಿ ಜಾಗಕ್ಕೆ ಹೆಸರಿಲ್ಲ, ಹೆಸರಿಲ್ಲದ್ದನ್ನು ಕಂಡಂತೆಯೇ ಬರೆಯಬೇಕಾಗುತ್ತದೆ.

ಇವೆಲ್ಲ ಪರದೇಶದ ವಿದ್ಯೆಯೆಂದು ಯಾರೂ ಅಂಜಬೇಕಾಗಿಲ್ಲ. ನಮ್ಮ ಮನೆಗಳ ಅಂಗಳದಲ್ಲಿ ದಿನ ಬೆಳಗಾದರೆ ನಡೆಯುವ ಚುಕ್ಕಿ ರಂಗೋಲಿಯನ್ನು ನೋಡಿರಿ. ಹೆಬ್ಬೆಟ್ಟಿನ ಗುರುತು ಹಾಕುವ ತಾಯಿ ಮೊದಲು ಸಮದೂರದಲ್ಲಿ ಚುಕ್ಕಿಗಳನ್ನಿಟ್ಟು ಆಮೇಲೆ ಗೆರೆ ಎಳೆಯುತ್ತಾಳೆ. ಅಳತೆ ಮೊದಲು, ರೇಖೆ ಆಮೇಲೆ ಎಂಬುದೇ ಅಲ್ಲಿನ ಸೂತ್ರ. ಅಳಿಸಿ ತಿದ್ದುವ ರೂಢಿ ಅಲ್ಲಿಲ್ಲ. ಬೆರಳಿನಿಂದಲ್ಲ, ಇಡೀ ತೋಳಿನಿಂದ ಬರೆಯುವ ಕ್ರಮ ಅಲ್ಲಿದೆ. ಆಕೆಗೆ ಇದು ಹುಟ್ಟಿನಿಂದ ಬಂದುದೆಂದು ಯಾರೂ ಹೇಳುವುದಿಲ್ಲ. ಅಜ್ಜಿಯ ಪಕ್ಕದಲ್ಲಿ ಕೂತು ಕಲಿತಳೆಂದೇ ಹೇಳುತ್ತಾರೆ. ಊರಿನ ಹೆಣ್ಣುಮಕ್ಕಳೆಲ್ಲ ಕಲಿಯಬಲ್ಲ ರೇಖೆಯನ್ನು ಕಾಗದದ ಮೇಲೆ ತಂದೊಡನೆ ಅದು ದೈವದತ್ತವಾಗಬೇಕಾದುದೇಕೆ?

ಮಕ್ಕಳಿಗೆ ಕಲಿಸುವಾಗಲಾದರೋ ಹೆಚ್ಚಿನ ಎಚ್ಚರ ಬೇಕು. ಆರು ವರ್ಷದ ಮಗುವಿಗೆ ಲೋಟದ ಅಂಡಾಕಾರವನ್ನು ಹೇರಬಾರದು. ಅದು ತನ್ನ ವರದಿಯನ್ನು ಮುಗಿಸಲಿ. ಆಸ್ಟ್ರಿಯದ ಫ್ರಾನ್ಜ್ ಚಿಜೆಕ್ 1897ರಲ್ಲಿ ವಿಯೆನ್ನಾ ನಗರದಲ್ಲಿ ಮಕ್ಕಳ ಚಿತ್ರಶಾಲೆ ತೆರೆದಾಗ, ಮಕ್ಕಳ ಚಿತ್ರಕ್ಕೆ ಅದರದೇ ಆದ ನಿಯಮವಿದೆಯೆಂಬುದನ್ನು ಒಪ್ಪಿಕೊಂಡೇ ಕೆಲಸ ಮಾಡಿದನು. ಶಾಂತಿನಿಕೇತನದಲ್ಲಿ ಕಲಿತ ದೇವಿಪ್ರಸಾದರು ಸೇವಾಗ್ರಾಮದ ಮಕ್ಕಳಿಗೆ ಚಿತ್ರ ಕಲಿಸಿ, ಕಲೆಯನ್ನು ಶಿಕ್ಷಣದ ತಳಹದಿಯೆಂದೇ ಬಗೆದರು. ವ್ಯಂಗ್ಯಚಿತ್ರಕಾರ ಶಂಕರ್ ಅವರು 1949ರಲ್ಲಿ ಆರಂಭಿಸಿದ ಮಕ್ಕಳ ಚಿತ್ರಸ್ಪರ್ಧೆಗೆ ಮುಂದೆ ಹೊರದೇಶಗಳಿಂದಲೂ ಚಿತ್ರಗಳು ಬಂದವು. ಮಗುವಿನ ಚಿತ್ರವನ್ನು ಕಂಡು ‘ಇದೇನು?’ ಎನ್ನದೆ ‘ಇದರ ಕಥೆ ಹೇಳು’ ಎನ್ನುವುದು ಒಳ್ಳೆಯ ಉಪಾಧ್ಯಾಯರ ರೀತಿ. ಅದರ ಕೈಯಿಂದ ಪೆನ್ಸಿಲು ಕಸಿದು ತಿದ್ದದಿರುವುದು ಅದಕ್ಕಿಂತ ಮುಖ್ಯ. ‘ನಿಜದಂತೆ ಬರೆಯುವುದು ಹೇಗೆ?’ ಎಂದು ಮಗು ತಾನೇ ಕೇಳುವ ದಿನ ಬರುತ್ತದೆ. ಆ ದಿನ ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತೋರಿಸಬೇಕು.

ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಫೋಟೋ ತೆಗೆಯಬಹುದಾದ ಈ ಕಾಲದಲ್ಲಿ ಇಷ್ಟೆಲ್ಲ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಫೋಟೋ ತೆಗೆಯಲು ವಸ್ತುವನ್ನು ನೋಡಲೇಬೇಕೆಂದಿಲ್ಲ. ಬರೆಯಲು ನೋಡದೆ ಗತಿಯಿಲ್ಲ. ಬಲ್ಲೆನೆಂಬ ಭಾವವನ್ನು ಬದಿಗಿಟ್ಟು, ಎದುರಿಗಿರುವುದನ್ನು ಇದ್ದಂತೆ ನೋಡುವ ಅಭ್ಯಾಸ ಚಿತ್ರಕ್ಕೆ ಮಾತ್ರ ಬೇಕಾದುದಲ್ಲವಷ್ಟೆ.

ಈ ವಿಷಯವನ್ನು ನಮ್ಮ ವಾರ್ಷಿಕ ಸಂಚಿಕೆಗೆ ಆರಿಸಿಕೊಂಡುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮಲ್ಲಿ ಅನೇಕರು ನಮ್ಮ ನಮ್ಮ ಮನೆಗಳಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ‘ಓದು ನಮ್ಮಂಥವರ ತಲೆಗೆ ಹತ್ತುವುದಲ್ಲ, ಅದು ಹುಟ್ಟಿನಿಂದ ಬರಬೇಕು’ ಎಂಬ ಮಾತನ್ನು ನಾವೂ ಕೇಳಿದ್ದೇವೆ, ನಮ್ಮ ಹಿರಿಯರೂ ಕೇಳಿ ನಂಬಿದ್ದರು. ಅದು ಸುಳ್ಳೆಂಬುದಕ್ಕೆ ಈ ತರಗತಿಗಳಲ್ಲಿ ಕೂತಿರುವ ನಾವೇ ಸಾಕ್ಷಿ. ಚಿತ್ರದ ವಿಷಯದಲ್ಲಿ ಹೇಳುವ ಮಾತೂ ಅದೇ ಜಾತಿಯದು. ಇನ್ನೆರಡು ಮೂರು ವರ್ಷಗಳಲ್ಲಿ ನಮ್ಮಲ್ಲಿ ಹಲವರು ಯಾವುದೋ ಹಳ್ಳಿಯ ಶಾಲೆಯಲ್ಲಿ ಉಪಾಧ್ಯಾಯರಾಗಿ ನಿಲ್ಲಲಿದ್ದೇವೆ. ದುಂಡು ಬಾಯಿ, ನೇರ ತಳದ ಲೋಟವನ್ನು ಬರೆದ ಸ್ಲೇಟನ್ನು ಹುಡುಗಿಯೊಬ್ಬಳು ನಮ್ಮ ಮುಂದೆ ಚಾಚುತ್ತಾಳೆ. ಅಂದು ನಾವು ಆಡುವ ಒಂದು ಮಾತಿನಿಂದ ಆಕೆ ಪೆನ್ಸಿಲನ್ನು ಕೆಳಗಿಡಲೂಬಹುದು, ಇನ್ನೊಂದು ಲೋಟವನ್ನು ಬರೆಯಲೂಬಹುದು. ಆ ಮಾತನ್ನು ಈಗಿನಿಂದಲೇ ಯೋಚಿಸಿಟ್ಟುಕೊಳ್ಳುವುದು ಒಳಿತು.